ಕಾಕಾನ ಪಡಸಾಲೆಯ ಸೆನ್ಸಾರ್

ಸಿನಿಮಾ ಪಾಸು ಮಾಡುವ ಕಚೇರಿ ಮುಂಬಯಿಯಲ್ಲಿದೆ ಎನ್ನುತ್ತಾರೆ. ಇರಬಹುದು. ಆದರೆ ಅಲ್ಲಿ ಪಾಸಾಗಿ ಬಂದದ್ದೂ ಹುಮನಾಬಾದಿನ ನಮ್ಮ ಕಾಕಾನ ಪಡಸಾಲೆಯಲ್ಲಿ ನಾಪಾಸಾಗುತ್ತಿತ್ತು! ಅದೂ ಎಂಥ ಚಿತ್ರಗಳು? ಹತ್ತು ನಿಮಿಷದ ಗೊಂಬೆ ಚಿತ್ರಗಳು. ಆನೆ ಹಾಡುವ, ಮೊಲ ಕುಣಿಯುವ, ತೊಟ್ಟಿಲ ಕೂಸೂ ಹೆದರದಂಥವು.

ಮನೆಮನೆಗೆ ಸೀಡಿ ಪ್ಲೇಯರ್ ಬರುತ್ತಿದ್ದ ಕಾಲ ಅದು. ನಾನು ಬಸವಕಲ್ಯಾಣದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ನನ್ನ ಬಾಡಿಗೆ ಕೋಣೆಯಲ್ಲಿ ಟಿವಿ ಇರಲಿಲ್ಲ. ಭಾನುವಾರ ಬಜಾರಿನಲ್ಲಿ ಮಕ್ಕಳ ಸೀಡಿ ಕೊಂಡು, ಬಸ್ಸು ಹತ್ತಿ ಕಾಕಾನ ಮನೆಗೆ ಹೋಗುತ್ತಿದ್ದೆ. ಚಿಕ್ಕ ಮಕ್ಕಳಿಗೆ ಯಾವುದು ತಕ್ಕದ್ದೆಂದು ಮಾಸ್ತರನಾದ ನನಗೆ ಗೊತ್ತು ಎಂಬ ಭ್ರಮೆ ಇತ್ತು ನೋಡಿ, ಅದನ್ನು ಕಾಕಾ ಎರಡೇ ಭಾನುವಾರದಲ್ಲಿ ಬಿಡಿಸಿದರು.

ಓಣಿಯ ಮಕ್ಕಳೆಲ್ಲ ಅಂಗಳದಲ್ಲಿ ಕಾಯಬೇಕು. ಕಾಕಾ ಕನ್ನಡಕ ಒರೆಸಿಕೊಂಡು ಒಳಗೆ ಹೋಗಿ, ಅಗಳಿ ಹಾಕಿ, ಒಬ್ಬರೇ ಚಿತ್ರ ನೋಡಬೇಕು. ಮೊದಲ ಸಲ ಒಳಗಿನಿಂದ ಎಂಥ ನಗು ಕೇಳಿಸಿತೆಂದರೆ, ಅಡುಗೆಮನೆಯಿಂದ ಕಾಕಿ ಓಡಿ ಬಂದರು. ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಕಾಕಾ ಕಣ್ಣೀರು ಒರೆಸಿಕೊಂಡು, ಮುಖ ಬಿಗಿದುಕೊಂಡು ತೀರ್ಪು ಕೊಟ್ಟರು.

“ನಾಪಾಸ್.”

“ಯಾಕ್ರಿ ಕಾಕಾ? ಅಷ್ಟು ನಕ್ಕೀರಲ್ಲ?”

“ಆ ಕರಡಿ ಗುಡ್ಡದ ಮ್ಯಾಲಿಂದ ಬಿದ್ದು, ಎದ್ದು ಮೈ ಜಾಡಿಸಿಕೊಂಡು ಹೋಗ್ತದ. ನಾಳಿ ನಮ್ಮ ಹುಡುಗರು ಮಾಳಗಿ ಮ್ಯಾಲಿಂದ ಜಿಗಿತಾವ. ನೀ ಬಂದು ಕೈಕಾಲು ಜೋಡಸ್ತೀ ಏನು?”

ಮುಂದಿನ ವಾರದ ಮೊಲದ ಚಿತ್ರವೂ ಬಿತ್ತು. ಮೊಲ ಹೊಲಕ್ಕೆ ನುಗ್ಗಿ ಗಜ್ಜರಿ ಕದ್ದಿತ್ತಂತೆ. “ರೈತ ಬಿಸಲಾಗ ಸಾಯಬೇಕು, ಕಳ್ಳ ಹಾಡು ಹಾಡಬೇಕು. ಬಿಲ್ಕುಲ್ ನಡಿಯಂಗಿಲ್ಲ” ಎಂದರು. ಅಡತಿ ಅಂಗಡಿ ಇಟ್ಟು ಮೂವತ್ತು ವರ್ಷ ರೈತರ ತೊಗರಿ ಕೊಂಡವರು. ಮೊಲದ ಪರ ಹೇಗೆ ನಿಂತಾರು?

ಇವೆಲ್ಲ ಮೇಲುಮೇಲಿನ ತಕರಾರು. ಅವರ ನಿಜವಾದ ಪ್ರಶ್ನೆ ಒಂದೇ. ಅದನ್ನು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳುತ್ತಿದ್ದರು.

“ಇದರಾಗ ಅವ್ವ ಸಾಯಂಗಿಲ್ಲಲ್ಲ?”

ಹಿಂದಿನ ವರ್ಷ ಅವರ ಸೊಸೆ ಜ್ವರ ಬಂದು ತೀರಿಕೊಂಡಿದ್ದಳು. ಐದು ವರ್ಷದ ಮೊಮ್ಮಗಳು ಅಂದು ಅತ್ತದ್ದಷ್ಟೇ. ಆಮೇಲೆ ಅವ್ವನ ಹೆಸರನ್ನೇ ಎತ್ತಿರಲಿಲ್ಲ. ಎಲ್ಲಿ ಯಾವ ಚಿತ್ರ ಅದನ್ನು ಕೆದಕಿಬಿಡುತ್ತದೋ ಎಂದು ಕಾಕಾನಿಗೆ ದಿಗಿಲು.

“ಸಾಯೂದಂತೂ ಬ್ಯಾಡ, ಊರಿಗಿ ಹೋಗೂದೂ ಬ್ಯಾಡ. ಅವ್ವ ಇದ್ರ ಮೊದಲಿಂದ ಕಡೀ ತನಾ ಮನ್ಯಾಗೇ ಇರಬೇಕು” ಎಂಬುದು ಅವರ ಷರತ್ತು. ಅವ್ವ ಮನೆಯಲ್ಲೇ ಇದ್ದರೆ ಮರಿ ದಾರಿ ತಪ್ಪುವುದು ಯಾವಾಗ, ಕಥೆ ಶುರುವಾಗುವುದು ಯಾವಾಗ? ಬಜಾರಿನಲ್ಲಿ ಅಂಥ ಸೀಡಿ ಹುಡುಕಿ ಹುಡುಕಿ ನನಗೆ ಸಾಕಾಗಿತ್ತು.

ಅಷ್ಟರಲ್ಲಿ ತೊಗರಿಯ ಹಂಗಾಮು ಬಂತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಭಾನುವಾರವೂ ಕಾಕಾನಿಗೆ ಬಿಡುವಿಲ್ಲ. ನಾನು ತಂದದ್ದು ಒಂದು ಬಾತುಕೋಳಿಯ ಚಿತ್ರ. ಕಾಕಾ ನಿಂತಲ್ಲೇ ರಿಮೋಟ್ ಹಿಡಿದು ಮೊದಲು ಒಂದಿಷ್ಟು, ನಡುವೆ ಒಂದಿಷ್ಟು, ಕೊನೆಗೊಂದಿಷ್ಟು ನೋಡಿ, “ಪಾಸ್” ಎಂದುಬಿಟ್ಟರು.

“ಪೂರಾ ನೋಡ್ರಿ ಕಾಕಾ” ಎಂದೆ.

“ತೊಗರಿ ಚೀಲಕ್ಕ ಮೂರು ಕಡೆ ಚುಚ್ಚಿ ಮೂರು ಹಿಡಿ ತೆಗದು ನೋಡ್ತೀನಿ. ಇಷ್ಟು ವರ್ಷದಾಗ ಒಂದು ಚೀಲದಾಗೂ ಮೋಸ ಹೋಗಿಲ್ಲ. ನೀ ನನಗ ಹೇಳಾಕತ್ತಿಯಲ್ಲ” ಎಂದರು. ಒಂದು ಸಲವಾದರೂ ಚಿತ್ರ ಪಾಸಾದ ಖುಷಿಯಲ್ಲಿ ನಾನೂ ಸುಮ್ಮನಾದೆ.

ಮಕ್ಕಳು ಹೋ ಎಂದು ಒಳಗೆ ನುಗ್ಗಿದರು. ಅಂಗಡಿಗೆ ಹೊರಟಿದ್ದ ಕಾಕಾ, ಶುರುವಿನ ಹಾಡೊಂದನ್ನು ಕೇಳಿ ಹೋದರಾಯಿತೆಂದು ಮೊಮ್ಮಗಳ ಪಕ್ಕ ಕುಳಿತರು. ಮೂರು ನಿಮಿಷವಾಗಿರಬೇಕು. ಕೆರೆಯ ದಂಡೆಗೆ ನರಿ ಬಂತು. ತಾಯಿ ಬಾತುಕೋಳಿ ಮರಿಯನ್ನು ಜೊಂಡಿನೊಳಗೆ ತಳ್ಳಿ, ತಾನು ನರಿಯ ಎದುರಿಗೆ ಹೋಯಿತು. ನೀರಿನ ಮೇಲೆ ಒಂದು ಬಿಳಿ ಗರಿ ತೇಲಿಬಂತು.

ಕಾಕಾ ಹಾರಿ ಎದ್ದರು. ರಿಮೋಟ್ ಸಿಗಲಿಲ್ಲ. ನೇರ ಹೋಗಿ ಟಿವಿಗೆ ಬೆನ್ನು ಕೊಟ್ಟು, ಧೋತರದ ಎರಡೂ ಅಂಚು ಹಿಡಿದು ಅಗಲಿಸಿ ನಿಂತುಬಿಟ್ಟರು. ಪಡಸಾಲೆಯ ತುಂಬ ಮಕ್ಕಳ ಗದ್ದಲ. “ಕರೆಂಟ್ ಹೋಗ್ಯದ, ಎಲ್ಲಾರೂ ಮನಿಗಿ ನಡೀರಿ” ಎಂದರು. ಹಿಂದೆ ಟಿವಿ ಹಾಡುತ್ತಲೇ ಇತ್ತು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾನು ಕೂಡ ನಕ್ಕೆ.

ಮೊಮ್ಮಗಳು ಮಾತ್ರ ನಗಲಿಲ್ಲ. ಎದ್ದು ಹೋಗಿ ಕಾಕಾನ ಕೈ ಹಿಡಿದಳು. ಎಳೆದುತಂದು ತನ್ನ ಪಕ್ಕ ಕೂರಿಸಿಕೊಂಡಳು. ಅವರ ಕನ್ನಡಕ ತೆಗೆದು ತೊಡೆಯ ಮೇಲಿಟ್ಟು, ಎರಡೂ ಪುಟ್ಟ ಅಂಗೈಗಳಿಂದ ಅವರ ಕಣ್ಣು ಮುಚ್ಚಿದಳು.

“ನೀ ನೋಡಬ್ಯಾಡ ಮುತ್ಯಾ. ನಿನಗ ಅಳು ಬರ್ತದ. ನಾ ನೋಡಿ ಹೇಳ್ತೀನಿ.”

ಗದ್ದಲ ನಿಂತಿತು. ಕಾಕಾ ಕೈ ಸರಿಸಲಿಲ್ಲ. ಮಗು ಅವರ ಕಣ್ಣು ಮುಚ್ಚಿಕೊಂಡೇ ಪರದೆಯತ್ತ ನೆಟ್ಟ ನೋಟ ಕೀಳದೆ ಕುಳಿತಿತ್ತು. ಬಹಳ ಹೊತ್ತಿನ ಮೇಲೆ ಕೈ ತೆಗೆಯಿತು.

“ಈಗ ನೋಡು. ಮರಿ ಒಂದೇ ಈಜಾಕತ್ತದ.”

ಕಾಕಾ ಟಿವಿಯತ್ತ ತಿರುಗಿದರು. ಅವರಿಗೆ ಏನೂ ಕಾಣಿಸುತ್ತಿರಲಿಲ್ಲವೆಂದು ನನಗೆ ಗೊತ್ತು. ಯಾಕೆಂದರೆ ನನಗೂ ಕಾಣಿಸುತ್ತಿರಲಿಲ್ಲ.