ಬಟ್ಟಲು ಬ್ಯಾಂಕಿನ ಸ್ಥಾಪಕರು

ನಾನು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರೆ ನನ್ನ ಹೆಂಡತಿ ನೀಲಾವತಿಗೆ ಭಯ. ಗೊರಕೆ ಕೇಳಿಸಿದರೆ ನಿಶ್ಚಿಂತೆಯಿಂದ ತೊಂಡೆಕಾಯಿ ಹೆಚ್ಚುತ್ತಾಳೆ. ಗೊರಕೆಯಿಲ್ಲದೆ ಕಣ್ಣು ಮುಚ್ಚಿದೆನೋ, ಸೌಟು ಹಿಡಿದೇ ಬಂದು, "ಈಗ ಎಂಥ ಶುರು ಮಾಡುವ ಅಂದಾಜು ಉಂಟು?" ಎನ್ನುತ್ತಾಳೆ. ಅವಳದ್ದೂ ತಪ್ಪಲ್ಲ. ನಾನು ಹೀಗೆ ಕಂಡ ಕನಸುಗಳಲ್ಲಿ ಜೇನು (ಹಾರಿಹೋಯಿತು), ಅಣಬೆ (ಬರಲೇ ಇಲ್ಲ) ಮತ್ತು ಮೊಲ (ಬರುತ್ತಲೇ ಇದ್ದವು) ಸೇರಿವೆ.

ಈ ಸಲದ ಕನಸು ಲೋಕಕಲ್ಯಾಣದ್ದು. ಫರಂಗಿಪೇಟೆಯಲ್ಲಿ ಮದುವೆ ಊಟ ಮುಗಿಸಿ ಹೊರಗೆ ಬಂದರೆ ಹಿಂದುಗಡೆ ಪ್ಲಾಸ್ಟಿಕ್ ಬಟ್ಟಲು (ನಮ್ಮಲ್ಲಿ ಊಟದ ತಟ್ಟೆಗೆ ಹೇಳುವುದು ಹಾಗೆ), ಲೋಟಗಳ ಗುಡ್ಡೆ. ಗಾಳಿ ಬೀಸಿದಾಗಲೆಲ್ಲ ಅವು ಮೆರವಣಿಗೆಯಲ್ಲಿ ನೇತ್ರಾವತಿಯ ಕಡೆ ಹೊರಡುತ್ತಿದ್ದವು. ಮನೆಗೆ ಬಂದು ಕಣ್ಣು ಮುಚ್ಚಿದೆ. ಹೊಳೆಯ ದಂಡೆಯುದ್ದಕ್ಕೂ ತೊಳೆದಿಟ್ಟ ಸ್ಟೀಲಿನ ಊಟದ ಬಟ್ಟಲುಗಳು ಕಂಡವು, ಒಂದೊಂದರಲ್ಲೂ ಒಂದೊಂದು ಸೂರ್ಯ. ಹೆಸರು ಬಟ್ಟಲು ಬ್ಯಾಂಕು: ಊರವರೇ ಕೊಟ್ಟ ಪಾತ್ರೆ, ಸಮಾರಂಭದವರು ಸಣ್ಣ ಬಾಡಿಗೆಗೆ ಒಯ್ಯುವುದು, ಆ ಬಾಡಿಗೆಯಿಂದ ತೊಳೆಯುವ ಹೆಂಗಸರಿಗೆ ಸಂಬಳ. ಬೆಳ್ತಂಗಡಿಯಲ್ಲಿ ಆರಂಭ, ಬಂಟ್ವಾಳ, ಮೂಡುಬಿದಿರೆಗಳಲ್ಲಿ ಶಾಖೆ. ಕನಸಿನಲ್ಲಿ ಒಂದೇ ಒಂದು ಬಟ್ಟಲೂ ನೆಗ್ಗಿರಲಿಲ್ಲ.

ನೀಲಾವತಿ ಪೂರ್ತಿ ಕೇಳಿದಳು. "ಒಳ್ಳೆಯದೇ. ಆದರೆ ಇದಾದರೂ ನಿಲ್ಲಬೇಕು. ಇದೂ ಮುಳುಗಿದರೆ ನಾನು ನೆರಿಯಕ್ಕೆ ಅಣ್ಣನ ಮನೆಗೆ ಹೋಗ್ತೇನೆ. ನೀವು ಇಲ್ಲಿ ಗಂಜಿ ಬೇಯಿಸಿಕೊಂಡು ಕನಸು ಕಾಣಿ." ಹೇಳುವಾಗ ಅವಳು ನಗುತ್ತಿರಲಿಲ್ಲ. ನನಗೆ ಗಂಜಿ ಬೇಯಿಸಲೂ ಬರುವುದಿಲ್ಲ ಎಂಬುದು ಆಗ ನೆನಪಾಯಿತು.

ಸಹಕಾರ ಕೇಳಿದರೆ ನಮ್ಮೂರವರು ಇಲ್ಲ ಎನ್ನುವವರಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಅಟ್ಟ ಹತ್ತಿ, ಹೊಸದಾಗಿಯೇ ಹಳತಾದ ಬಟ್ಟಲು, ಲೋಟಗಳನ್ನು ರಿಕ್ಷಾದಲ್ಲಿ ತಂದು ಇಳಿಸಿದರು. ಪಕ್ಕದ ಮನೆಯ ನಫೀಸಮ್ಮ ತೊಳೆಯುವ ಕೆಲಸಕ್ಕೆ ಒಪ್ಪಿದರು. ಸ್ಥಾಪಕನೇ ಏನೂ ಕೊಡದಿದ್ದರೆ ಹೇಗೆ? ನೀಲಾವತಿ ಪೇಟೆಗೆ ಹೋದ ಹೊತ್ತಿನಲ್ಲಿ ನಮ್ಮ ಅಟ್ಟದ ಗೋಣಿಚೀಲವೊಂದನ್ನು ಇಳಿಸಿ, ಒಳಗೇನಿದೆ ಎಂದು ನೋಡದೆ ನಫೀಸಮ್ಮನ ಮುಂದೆ ಸುರಿದೆ.

ಮೊದಲ ಗಿರಾಕಿ ನೆರೆಯ ಕೂಸಪ್ಪ. ಅವನ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಊರಿಡೀ ಸೇರಿತ್ತು. ಚಪ್ಪರದಡಿ ಸಾಲು ಸಾಲು ಬಟ್ಟಲು ಫಳಫಳ ಹೊಳೆಯುವಾಗ ನಾನು ನೆಲದಿಂದ ಸ್ವಲ್ಪ ಮೇಲೆಯೇ ಓಡಾಡುತ್ತಿದ್ದೆ. ಅನ್ನ, ಸಾರು ಬಡಿಸಿಯಾಯಿತು. ಆದರೆ ಯಾರೂ ಉಣ್ಣಲಿಲ್ಲ. ಎಲ್ಲರೂ ಬಟ್ಟಲಿನ ಅಂಚು ಓದುತ್ತಿದ್ದರು.

ನಮ್ಮಲ್ಲಿ ಮದುವೆಗೆ ಪಾತ್ರೆ ಉಡುಗೊರೆ ಕೊಡುವವರು ಅಂಗಡಿಯಲ್ಲೇ ಅದರ ಮೇಲೆ ತಮ್ಮ ಹೆಸರು ಕೊರೆಸುತ್ತಾರೆ. ಪಡೆದವರು ಅದನ್ನು ಬಳಸದೆ ಅಟ್ಟಕ್ಕೇರಿಸುತ್ತಾರೆ. ಲೋಕಕಲ್ಯಾಣದ ಭರದಲ್ಲಿ ಈ ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ. ತಾವು ತಂಗಿಯ ಮಗಳಿಗೆ ಕೊಟ್ಟದ್ದು ಕೂಸಪ್ಪನ ಮನೆಗೆ ಹೇಗೆ ಬಂತೆಂದು ಒಬ್ಬರು ಕೇಳಿದರು. ಆ ತಂಗಿಯ ಮಗಳು ಎದುರು ಸಾಲಿನಲ್ಲೇ ಕುಳಿತಿದ್ದಳು. ಕೆಲವರು ಅನ್ನ ಸರಿಸಿ ಸರಿಸಿ ಹೆಸರು ಹುಡುಕತೊಡಗಿದರು.

ಆಗ ಎದ್ದವರು ನೀಲಾವತಿಯ ಅಣ್ಣ ಡೊಂಬಯ್ಯ ಭಾವ. ಅವರೊಬ್ಬರೇ ಊಟ ಪೂರ್ತಿ ಮುಗಿಸಿ, ಬಟ್ಟಲನ್ನು ತಾವೇ ತೊಳೆದು, ಹೆಗಲ ಬೈರಾಸಿನಲ್ಲಿ ಒರೆಸಿ ತಂಗಿಯ ಮುಂದೆ ಹಿಡಿದರು. ಅದರಲ್ಲಿದ್ದದ್ದು ತೀರಿಹೋದ ನನ್ನ ಅತ್ತೆಯ ಹೆಸರು.

"ಅಮ್ಮ ನಿನಗೆ ಕೊಟ್ಟದ್ದು ನೀಲಾ. ಬೇಡದಿದ್ದರೆ ನನಗೆ ಹೇಳಬಹುದಿತ್ತು" ಎಂದರು, ಮೆಲ್ಲಗೆ. ಬಟ್ಟಲು ಕಂಕುಳಲ್ಲಿಟ್ಟು ನಡೆದರು. ನೀಲಾವತಿಯ ಕಣ್ಣು ತುಂಬಿತು. ನನಗೆ ಸಾಂಬಾರಿನ ಕೊಪ್ಪರಿಗೆಯೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳೋಣ ಅನಿಸಿತು.

ಮರುದಿನ ಬೆಳಿಗ್ಗೆ ಅಂಗಳ ತುಂಬ ಜನ, ತಂತಮ್ಮ ಹೆಸರಿನ ಬಟ್ಟಲು ವಾಪಸು ಒಯ್ಯಲು. ಡೊಂಬಯ್ಯ ಭಾವನೂ ಬಂದಿದ್ದರು, ನಿನ್ನೆಯ ಬಟ್ಟಲು ಕಂಕುಳಲ್ಲೇ, ಉಳಿದ ಅಮ್ಮನ ಲೋಟಗಳಿಗಾಗಿ. ಬ್ಯಾಂಕು ಮುಳುಗಿತು, ಇನ್ನು ಗಂಜಿ ಕಲಿಯುವುದೇ ಸೈ ಎಂದು ನಾನು ಬಾಗಿಲ ಹಿಂದೆ ನಿಂತೆ. ರಾತ್ರಿಯಿಂದ ಮಾತು ಬಿಟ್ಟಿದ್ದ ನೀಲಾವತಿ ಸೆರಗು ಸಿಕ್ಕಿಸಿ ಅಂಗಳಕ್ಕಿಳಿದಳು.

"ಕೊಂಡು ಹೋಗಿ, ಬೇಡ ಹೇಳುವುದಿಲ್ಲ. ಆದರೆ ಇಷ್ಟು ವರ್ಷ ನಿಮ್ಮ ಹೆಸರನ್ನು ಅಟ್ಟದಲ್ಲಿ ಇಲಿ ಓದಿತು. ನಿನ್ನೆ ಊರೇ ಓದಿತು. ಅಣ್ಣ, ಅಮ್ಮನಿಗೆ ನಾಲ್ಕು ಜನಕ್ಕೆ ಬಡಿಸುವುದೆಂದರೆ ಎಷ್ಟು ಖುಷಿ, ನಿನಗೆ ಗೊತ್ತುಂಟಲ್ಲ. ಇನ್ನೂ ಬಡಿಸಲಿ ಮಾರಾಯ."

ಭಾವ ಕಂಕುಳಿನ ಬಟ್ಟಲು ತೆಗೆದು ಬೈರಾಸಿನಲ್ಲಿ ಇನ್ನೊಮ್ಮೆ ಒರೆಸಿದರು. ಕೊನೆಗೆ ರಾಶಿಯ ಮೇಲಿಟ್ಟು, ಒಂದು ಚಹಾ ಸಿಗಬಹುದೇ ಎಂದು ಕೇಳಿದರು.

ಆಮೇಲಿನದ್ದು ನನ್ನ ಕನಸಿಗೂ ಎಟುಕದ್ದು. ಹೆಸರು ಊರಿಡೀ ಓದಿಸಿಕೊಳ್ಳುವ ಆಸೆಗೆ ಜನ ಡಜನುಗಟ್ಟಲೆ ಹೊಸ ಬಟ್ಟಲು ತಂದರು, ದಪ್ಪಕ್ಷರದಲ್ಲಿ, ಕೆಲವರು ಮೊಬೈಲ್ ನಂಬರಿನ ಸಮೇತ. ಮೂಡುಬಿದಿರೆಯ ಶಾಖೆಯೂ ತೆರೆಯಿತು. ಈಗ ಎಲ್ಲರ ಬಾಯಲ್ಲೂ ಅದು 'ನೀಲಕ್ಕನ ಬ್ಯಾಂಕು'. ಸ್ಥಾಪಕನ ಹೆಸರೂ ಎಲ್ಲಾದರೂ ಒಂದು ಕಡೆ ಇದ್ದರೆ ಚೆಂದವಲ್ಲವೇ ಎಂದು ನಾನು ಮೆಲ್ಲನೆ ಪ್ರಸ್ತಾಪಿಸಿದೆ. ಅವಳು ವಾದವಿಲ್ಲದೆ ಒಪ್ಪಿದಳು. (ಆಗಲೇ ಸಂಶಯ ಬರಬೇಕಿತ್ತು.) ಬಂಟ್ವಾಳದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ, 'ಸ್ಥಾಪಕರು: ಸುಧಾಕರ' ಎಂದು ಕೊರೆಸಿಯೇ ತಂದಳು, ಎಂಜಲು ಸುರಿಯುವ ದೊಡ್ಡ ಡ್ರಮ್ಮಿನ ಮೇಲೆ.

ನನಗೇನೂ ಬೇಸರವಿಲ್ಲ. ಕೈತೊಳೆಯುವ ಜಾಗದ ಪಕ್ಕದಲ್ಲಿ, ಮಧ್ಯಾಹ್ನದ ಬಿಸಿಲಿಗೆ ಅದು ಬಂಗಾರದ ಹಾಗೆ ಹೊಳೆಯುತ್ತದೆ. ಊಟ ಮುಗಿಸಿದವರೆಲ್ಲ, ಊರಿನ ಗಣ್ಯರಾದಿಯಾಗಿ, ಸಾಲಿನಲ್ಲಿ ಬಂದು ನನ್ನ ಹೆಸರಿನ ಮುಂದೆ ಒಮ್ಮೆ ತಲೆಬಾಗಿಯೇ ಮುಂದಕ್ಕೆ ಹೋಗುತ್ತಾರೆ.