ಎಂಟು ಬಂದರೆ ನಡುಗುವ ಬೋರ್ಡು

ಕೆಡುವ ಯಂತ್ರಕ್ಕೆ ಒಂದು ಗುಣ ಉಂಟು: ಯಾರೂ ಇಲ್ಲದಾಗ ಕೆಡುವುದಿಲ್ಲ, ನಾಲ್ಕು ಜನ ಸೇರಿದ ಮೇಲೆಯೇ ಕೆಡುತ್ತದೆ. ಮುಂಬಯಿ ಬಳಿ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಇಂಥದ್ದು ಆಗುತ್ತಲೇ ಇತ್ತು. ನಾನು ಫಿಸಿಕ್ಸ್ ಪದವೀಧರೆ. ಎಲ್ಲವನ್ನೂ ತಾರೀಖು ಹಾಕಿ ಬರೆದಿಟ್ಟವಳು.

ನಮ್ಮ ಯಜಮಾನರು ಠಾಣೆ ಊರಿನಲ್ಲಿ ತಮ್ಮ ಅಣ್ಣನ ಹೋಟೆಲಿನ ಗಲ್ಲಾ ಬಿಟ್ಟು, ಗಿರಾಕಿಗಳ ಟೋಕನ್ ನಂಬರು ತೋರಿಸುವ ದೀಪದ ಬೋರ್ಡು ಮಾಡುವ ಈ ಕೆಲಸಕ್ಕೆ ಇಳಿದವರು. "ನಿನ್ನ ಟೋಕನ್ ಬೋರ್ಡು ನಡೆಯದಿದ್ರೆ ವಾಪಸು ಬಾ. ಗಲ್ಲಾದ ಸ್ಟೂಲು ಖಾಲಿ ಇಟ್ಟಿರ್ತೇನೆ" ಎಂದು ಭಾವ ಹೇಳಿಯೇ ಕಳಿಸಿದ್ದರು. ಯಜಮಾನರಿಗೆ ಆ ಸ್ಟೂಲು ಕನಸಿನಲ್ಲಿ ಬರುತ್ತಿತ್ತು.

೧. ಹುಟ್ಟದ ನಂಬರು

ಮೊದಲ ಬೋರ್ಡನ್ನು ಭಾವನ ಹೋಟೆಲಿನಲ್ಲೇ ತೂಗುಹಾಕಿದೆವು. ಒಳಗಿನ ಸ್ವಿಚಿಂಗ್ ರೆಗ್ಯುಲೇಟರಿಗೆ ಒಂದೇ ಕೆಲಸ: ಎಷ್ಟು ದೀಪ ಉರಿದರೂ ಐದು ವೋಲ್ಟ್ ಕದಲದಂತೆ ಕೊಡುವುದು. ಎಂಬತ್ತೇಳರವರೆಗೆ ಕೊಟ್ಟಿತು. ಎಂಬತ್ತೆಂಟು ಬಂದದ್ದೇ ಅಂಕಿಗಳು ನಡುಗಿ, ಬೋರ್ಡು ಸೊನ್ನೆಗೆ ಹೋಯಿತು.

"ನನ್ನ ಮಸಾಲೆ ದೋಸೆ ಎಲ್ಲಿ?" ಎಂದು ಎಂಬತ್ತೆಂಟರ ಗಿರಾಕಿ ಕೂಗಿದ.

ಕೌಂಟರಿನವನು ಬೋರ್ಡು ನೋಡಿ ಹೇಳಿದ: "ಈಗ ಸೊನ್ನೆ ನಡೀತಾ ಉಂಟು. ನಿಮ್ಮ ನಂಬರು ಇನ್ನೂ ಹುಟ್ಟಲಿಲ್ಲ."

೨. ಭಾವನ ನಿದಾನ

"ಎಂಟು ಶನಿಯದ್ದು. ಎಂಟನ್ನು ಬಿಟ್ಟು ಎಣಿಸ್ಲಿಕ್ಕೆ ಹೇಳು ಅದಕ್ಕೆ" ಎಂದರು ಭಾವ.

ನಾನು ಶಾಂತವಾಗಿ ವಿವರಿಸಿದೆ: "ಹಾಗಲ್ಲ ಭಾವ. ಏಳನ್ನು ತೋರಿಸಲು ದೀಪದ ಮೂರು ಕಡ್ಡಿ ಉರಿದರೆ ಸಾಕು, ಎಂಟಕ್ಕೆ ಏಳೂ ಉರಿಯಬೇಕು. ಎಂಬತ್ತೆಂಟರಲ್ಲಿ ಎರಡೂ ಎಂಟೇ. ಹೊರೆ ಒಮ್ಮೆಲೇ ಹೆಗಲೇರಿ ಕೂತುಬಿಡುತ್ತದೆ."

"ನಾನು ಶನಿ ಅಂದದ್ದು ಮತ್ತೆ ಯಾವುದಕ್ಕೆ?"

೩. ಸರಾಸರಿ

ಬೋರ್ಡನ್ನು ವರ್ಕ್‌ಶಾಪಿಗೆ ತಂದು, ಎಂಬತ್ತೆಂಟಕ್ಕೆ ನಿಲ್ಲಿಸಿ, ಯಜಮಾನರು ಮಲ್ಟಿಮೀಟರ್ ಹಿಡಿದರು. ಬೋರ್ಡು ನಡುಗುತ್ತಿದ್ದರೂ ಮೀಟರಿನಲ್ಲಿ ಸರಿಯಾಗಿ ಐದು.

"ಎಲ್ಲ ಸರಿ ಉಂಟಲ್ಲ ಮಾರಾಯ್ತಿ!"

"ಮೀಟರು ಸರಾಸರಿ ಹೇಳುತ್ತದೆ. ಏರಿದ್ದನ್ನೂ ಇಳಿದದ್ದನ್ನೂ ಕೂಡಿಸಿ ಭಾಗಿಸಿದರೆ ನಮ್ಮ ಸಂಸಾರವೂ ಶಾಂತವೇ" ಎಂದೆ.

ಏರಿಳಿತ ತಡೆಯಲೆಂದು ಅವರು ದೊಡ್ಡ ಕೆಪಾಸಿಟರ್ ಹಾಕಿದರು. ನಡುಕ ನಿಲ್ಲಲಿಲ್ಲ. ಇನ್ನೂ ದೊಡ್ಡದು ಹಾಕಿದರು. ಆಗಲೂ ನಿಲ್ಲಲಿಲ್ಲ, ಡಬ್ಬಿಯ ಮುಚ್ಚಳ ಮಾತ್ರ ಹಾಕಲು ಬಾರದಾಯಿತು.

೪. ಬೆರಳು

ಬೆಸುಗೆ ಸಡಿಲವಾಗಿದೆಯೇ ಎಂದು ನಾನು ಒಂದು ರೆಸಿಸ್ಟರನ್ನು ಬೆರಳಿನಿಂದ ಒತ್ತಿದೆ. ಎಂಬತ್ತೆಂಟು ಗೋಡೆಗೆ ಬರೆದ ಹಾಗೆ ನಿಂತಿತು. ಬೆರಳು ತೆಗೆದರೆ ಮತ್ತೆ ನಡುಕ.

ಬೆಸುಗೆ ಹಾಕುವ ಕಲಬುರಗಿಯ ಹೆಂಗಸು ಕೂಗಿದಳು: "ಕೈ ತೆಗೀಬ್ಯಾಡ್ರಿ ಅಮ್ಮಾರ! ನಮ್ಮತ್ತಿ ಕಟ್ಟಿಮ್ಯಾಲ ಕುಂತ್ರ ನಾನೂ ಹಿಂಗೇ ಸುಮ್ನಿರ್ತೀನಿ."

ರೆಗ್ಯುಲೇಟರು ತನ್ನ ಔಟ್‌ಪುಟ್ ನೋಡಿಕೊಂಡು ತನ್ನನ್ನೇ ತಿದ್ದಿಕೊಳ್ಳುತ್ತದೆ. ನಮ್ಮದು ಹೊರೆ ಬದಲಾದದ್ದನ್ನು ತಡವಾಗಿ ತಿಳಿದು, ಗಾಬರಿಯಲ್ಲಿ ಅತಿಯಾಗಿ ತಿದ್ದುತ್ತಿತ್ತು. ನನ್ನ ಬೆರಳು ಒಂದು ಪುಟ್ಟ ಕೆಪಾಸಿಟರಿನ ಹಾಗೆ ಸುದ್ದಿಯನ್ನು ಬೇಗ ಮುಟ್ಟಿಸುತ್ತಿತ್ತು. ಅಷ್ಟು ಪುಟ್ಟ ಕೆಪಾಸಿಟರು ಮಾತ್ರ ನಮ್ಮಲ್ಲಿ ಇರಲಿಲ್ಲ.

೫. ವಾಶಿಯ ಗಿರಾಕಿ

ಮರುದಿನವೇ ವಾಶಿಯ ಗಿರಾಕಿಗೆ ತೋರಿಸಬೇಕಿತ್ತು. ದವಾಖಾನೆಗಳಿಗೆ ಬೋರ್ಡು ಒದಗಿಸುವವರು. ಅವರು ಬೇಡವೆಂದರೆ ಯಜಮಾನರಿಗೆ ಸ್ಟೂಲೇ ಗತಿ. ಮುಚ್ಚುಮರೆ ನನಗೆ ಆಗದು. ಅವರೆದುರೇ ಬೆರಳಿಟ್ಟು ತೋರಿಸಿದೆ, ಕಾರಣವನ್ನೂ ಹೇಳಿದೆ.

ಅವರು ಬೋರ್ಡನ್ನೂ ನನ್ನ ಬೆರಳನ್ನೂ ನೋಡಿ ಕೇಳಿದರು: "ಭಾಭೀಜಿ, ಹರ್ ಬೋರ್ಡ್ ಕೆ ಸಾಥ್ ಆಪ್ ಭೀ ಆಯೇಂಗೀ?" ಪ್ರತಿ ಬೋರ್ಡಿನ ಜೊತೆ ನಾನೂ ಬರುತ್ತೇನೆಯೇ ಎಂದು!

ನಾನು ನಗಲಿಲ್ಲ. ಯಜಮಾನರಿಗೆ ನಗುವ ಧೈರ್ಯವೇ ಇರಲಿಲ್ಲ. "ಬೆರಳಿನ ಬದಲು ಕೆಪಾಸಿಟರ್ ಹಾಕಿ ತನ್ನಿ, ನೋಡೋಣ" ಎಂದು ಗಿರಾಕಿ ಕಳಿಸಿಕೊಟ್ಟರು. ಪೇಟೆಯಿಂದ ಪುಟ್ಟದೊಂದು ತಂದು ಹಾಕಿ ಒಯ್ದೆವು. ಎಂಬತ್ತೆಂಟು ಕದಲಲಿಲ್ಲ. ಆರ್ಡರು ಬಂತು.

೬. ಸ್ಟೂಲು

ಕೆಲಸ ಭರದಿಂದ ನಡೆದಿದ್ದಾಗ ಭಾವ ಠಾಣೆಯಿಂದ ಬಂದರು. ತಮ್ಮನನ್ನು ಕರೆದೊಯ್ಯುವ ಆಸೆ ಅವರಿಗೆ ಇನ್ನೂ ಇತ್ತು. ಕುರ್ಚಿ ಎಳೆದು, ಗಂಟಲು ಸರಿಪಡಿಸಿಕೊಂಡು ಇನ್ನೇನು ಮಾತು ತೆಗೆಯಬೇಕು, ಅಷ್ಟರಲ್ಲಿ ಒಳಗಿಂದ ಕಲಬುರಗಿಯವಳ ದನಿ ಬಂತು:

"ಯಜಮಾನ್ರ, ಅಮ್ಮಾರ ಬೆರಳ ಮುಗದಾವ್ರೀ! ಇನ್ನೊಂದ್ ಪಾಕೀಟ್ ತರಸ್ರಿ!"

ಆ ಪುಟ್ಟ ಕೆಪಾಸಿಟರಿಗೆ ವರ್ಕ್‌ಶಾಪಿನಲ್ಲಿ ಅದೇ ಹೆಸರಾಗಿತ್ತು. ಭಾವನಿಗೆ ಅದು ಗೊತ್ತಿರಲಿಲ್ಲ. ಅವರು ನನ್ನ ಎರಡೂ ಕೈಗಳನ್ನು ದೀರ್ಘವಾಗಿ ನೋಡಿದರು. ಆಮೇಲೆ ಎದ್ದು ತಮ್ಮನ ಭುಜ ತಟ್ಟಿದರು.

"ಸ್ಟೂಲು ಬೇರೆಯವರಿಗೆ ಕೊಡ್ತೇನೆ ಮಾರಾಯ. ಇಲ್ಲೇ ಬೆರಳು ಸಾಲ್ತಾ ಇಲ್ಲ, ನೀನು ಅಲ್ಲಿ ಬಂದು ನೋಟು ಎಣಿಸುವುದು ಯಾವುದರಲ್ಲಿ?"