ಬೆಲ್ಲಿನ ಮೇಲಿನ ಫರ್ನಾಂಡಿಸರು

ಪಣಕ್ಕಿದ್ದದ್ದು ಒಂದು ಮೂಲೆ ಅಂಗಡಿ. ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ, ಟ್ರಾಮ್ ನಿಲ್ಲುವ ಕಡೆಗೆ ಬಾಗಿಲು, ಎರಡು ಬದಿಗೂ ಗಾಜು, ಕೆಳಗೆ ತೇವವಿಲ್ಲದ ನೆಲಮಾಳಿಗೆ, ಹತ್ತು ವರ್ಷದ ಕರಾರು. ನಾನು ಆಗ ಇದ್ದ ಅಂಗಡಿಯ ಕಟ್ಟಡವನ್ನು ಕೆಡವುವವರಿದ್ದರು. ಚಳಿಗಾಲ ಮುಗಿಯುವುದರೊಳಗೆ ಬೇರೆ ಜಾಗ ಸಿಗದಿದ್ದರೆ ನನ್ನ ಅಕ್ಕಿ, ಬೇಳೆ, ಹಪ್ಪಳದ ವ್ಯಾಪಾರಕ್ಕೆ ಷಟರ್ ಎಳೆಯುವುದೇ. ಆ ಅಂಗಡಿ ಹಿಡಿಯಲು ಹೋಗಿ ಒಂದು ಅಡ್ಡಹೆಸರಿನ ಬಾಲ ಹಿಡಿದುಕೊಂಡೆ. ಅದು ನನ್ನನ್ನು ಸ್ಪೇನ್, ಗೋವಾ, ಪೆರು ಎಲ್ಲ ಸುತ್ತಿಸಿತು. ವ್ಯಾಪಾರದಲ್ಲಿ ಹೀಗೆ ಆಗುತ್ತಲೇ ಇರುತ್ತದೆ. ಬೆಲ್ಲ ಕೊಳ್ಳಲು ಹೋದವನು ಗಾಣದ ಎತ್ತಿನ ಜಾತಕ ಕೇಳಿಕೊಂಡು ಬರುತ್ತಾನೆ.

೧. ಮಂಗಳೂರಿನವರ ಮನೆ

ಇಲ್ಲಿ ಕಟ್ಟಡಕ್ಕೆ ನಂಬರ್ ಇರುತ್ತದೆ, ಒಳಗಿನ ಮನೆಗಳಿಗೆ ಇರುವುದಿಲ್ಲ. ಕೆಳಬಾಗಿಲಲ್ಲಿ ಬೆಲ್ಲುಗಳ ಸಾಲು, ಪ್ರತಿ ಬೆಲ್ಲಿನ ಪಕ್ಕ ಒಂದು ಅಡ್ಡಹೆಸರು. ಅದೇ ವಿಳಾಸ. ಅಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ಬರುವುದಿಲ್ಲ, ಪಾರ್ಸೆಲ್ ಬರುವುದಿಲ್ಲ. ಪೋಸ್ಟಿನವರ ಪಾಲಿಗೆ ನೀವು ಇನ್ನೂ ಹುಟ್ಟಿಲ್ಲ.

ಮೂಲೆ ಅಂಗಡಿಯ ಮೇಲಿನ ಮನೆಗಳ ಬೆಲ್ಲುಗಳನ್ನು ಓದಿದೆ. ಮೊದಲ ಮಹಡಿ, ಫರ್ನಾಂಡಿಸ್. ಎರಡನೆಯದು, ಫರ್ನಾಂಡಿಸ್. ಮೂರನೆಯದೂ ಫರ್ನಾಂಡಿಸ್. ನನ್ನ ಅರ್ಧ ಚಿಂತೆ ಅಲ್ಲೇ ಇಳಿಯಿತು. ಹುಬ್ಬಳ್ಳಿಯಲ್ಲಿ ನಮ್ಮ ಅಂಗಡಿಯ ಎದುರು ಬೇಕರಿ ಇಟ್ಟಿದ್ದವರು ಫರ್ನಾಂಡಿಸ್, ಮಗಳಿಗೆ ಇಂಗ್ಲಿಷ್ ಕಲಿಸಿದ ಟೀಚರು ಫರ್ನಾಂಡಿಸ್. ಫರ್ನಾಂಡಿಸ್ ಅಂದರೆ ಮಂಗಳೂರು; ಇದರಲ್ಲಿ ಸಂಶಯಪಡುವ ಕನ್ನಡಿಗನನ್ನು ನಾನು ಕಂಡಿಲ್ಲ. ಹೆಸರಿನ ಕೊನೆಯ ಅಕ್ಷರ ನಮ್ಮವರು ಬರೆಯುವ ಎಸ್ ಅಲ್ಲ, ಝಡ್ ಆಗಿತ್ತು. ಅಷ್ಟಕ್ಕೆಲ್ಲ ಊರಿನ ನಂಟು ಬಿಡಲಾದೀತೇ?

ಹೆಂಡತಿಗೆ ಹೇಳಿದೆ, “ಮಾಲಕ ನಮ್ಮ ಕಡೆಯವನೇ.”

“ನಮ್ಮ ಕಡೆಯವ ಅಂದ್ರ ಬಾಡಿಗಿ ಹೆಚ್ಚ ಕೇಳ್ತಾನ,” ಅಂದಳು.

ಮರುದಿನ ಒಂದು ಚೀಲದಲ್ಲಿ ಕುಚ್ಚಲಕ್ಕಿ, ಮಾವಿನಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ ತುಂಬಿಕೊಂಡು ಹೋಗಿ ಮೊದಲ ಮಹಡಿಯ ಬೆಲ್ ಒತ್ತಿದೆ. ಬಾಗಿಲು ತೆರೆದವರು ಬನಿಯನ್ ತೊಟ್ಟ ಒಬ್ಬ ಮುದುಕರು. ಬಣ್ಣ ತುಸು ಹೆಚ್ಚೇ ಬಿಳಿ. ಇಷ್ಟು ವರ್ಷ ಬಿಸಿಲಿಲ್ಲದ ದೇಶದಲ್ಲಿದ್ದರೆ ಯಾರಾದರೂ ಹಾಗೇ ಆಗುತ್ತಾರೆ ಅಂದುಕೊಂಡೆ.

“ನಮಸ್ಕಾರ್ರೀ. ಮಂಗಳೂರಾಗ ನಿಮ್ಮದು ಯಾವ ಕಡೆ? ನಾವು ಹುಬ್ಬಳ್ಳಿಯವರು. ನಮ್ಮ ಅಂಗಡಿ ಎದುರಿಗೇ ನಿಮ್ಮವರ ಬೇಕರಿ ಇತ್ತು ನೋಡ್ರಿ,” ಅಂತ ಶುರುಮಾಡಿ, ಕೆಡವಲಿರುವ ಕಟ್ಟಡದ ತನಕ ನನ್ನ ಕಷ್ಟವನ್ನೆಲ್ಲ ಅಪ್ಪಟ ಕನ್ನಡದಲ್ಲಿ ಹೇಳಿಕೊಂಡೆ. ಅವರು ತಲೆ ಅಲ್ಲಾಡಿಸುತ್ತ ಪೂರ್ತಿ ಕೇಳಿದರು. ಚೀಲ ಚಾಚಿದೆ, ತೆಗೆದುಕೊಂಡರು. ಆಮೇಲೆ ಜರ್ಮನ್ ಭಾಷೆಯಲ್ಲಿ, “ನಾನು ಬಾಗಿಲಲ್ಲಿ ಏನನ್ನೂ ಕೊಳ್ಳುವುದಿಲ್ಲ,” ಅಂದು ಬಾಗಿಲು ಹಾಕಿಕೊಂಡರು.

ಚೀಲ ಒಳಗೇ ಉಳಿಯಿತು. ಯಾವ ಊರಿನವರೇ ಆಗಲಿ, ಇವರ ಜೊತೆ ವ್ಯವಹಾರ ಮಾಡಬಹುದು ಅಂತ ನನಗೆ ಆಗಲೇ ಅನಿಸಿತು.

೨. ಪಾದ್ರಿ ಕೊಟ್ಟದ್ದು

ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬಳು ಮಂಗಳೂರಿನ ಹುಡುಗಿ ಶನಿವಾರ ನಮ್ಮಲ್ಲಿ ಸಾಮಾನಿಗೆ ಬರುತ್ತಾಳೆ. ಆಕೆ ನಿಜವಾದ ಫರ್ನಾಂಡಿಸ್. ನಡೆದದ್ದು ಹೇಳಿದೆ. ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ನಕ್ಕಳು. ಒಳಗಿನ ತಂಪೆಲ್ಲ ಹೊರಗೆ ಬರುವಷ್ಟು ಹೊತ್ತು.

“ಎಂಥ ಮಾರಾಯ್ರೆ ಅಣ್ಣ, ಅವರು ಸ್ಪೇನಿನವರು. ಚರ್ಚಿನಲ್ಲಿ ನೋಡಿದ್ದುಂಟು ನಾನು.”

“ಹೆಸರು ನಿನ್ನದೇ ಅಲ್ಲವೇನಮ್ಮ?”

“ಹೆಸರು ಮಾತ್ರ. ನಮ್ಮ ಯಾವುದೋ ಕಾಲದ ಮುತ್ತಜ್ಜನಿಗೆ ಗೋವಾದಲ್ಲಿ ಪೋರ್ಚುಗೀಸ್ ಪಾದ್ರಿ ದೀಕ್ಷಾಸ್ನಾನ ಮಾಡಿಸಿ ಈ ಹೆಸರು ಕೊಟ್ಟನಂತೆ. ಸ್ಪೇನಿನವರು, ಪೋರ್ಚುಗಲ್ಲಿನವರು ಅಕ್ಕಪಕ್ಕದ ಮನೆಯವರಲ್ವಾ, ಇಬ್ಬರಲ್ಲೂ ಇದೇ ಹೆಸರುಂಟು. ಅವತ್ತು ಬೇರೆ ಪಾದ್ರಿ ಸಿಕ್ಕಿದ್ದರೆ ನಾನೀಗ ಪಿಂಟೊ.”

“ಅರ್ಥ ಏನು ಅದಕ್ಕೆ?”

“ಫರ್ನಾಂಡೊ ಎನ್ನುವವನ ಮಗ. ಅಷ್ಟೇ ಅಣ್ಣ, ಮತ್ತೇನಿಲ್ಲ.”

ಅಷ್ಟೇ. ಅಪ್ಪನ ಹೆಸರು. ನಮ್ಮ ಬೆಂಗಳೂರು, ಮೈಸೂರಿನವರು ಇನಿಶಿಯಲ್ ಅಂತ ಒಂದು ಅಕ್ಷರದಲ್ಲಿ ಮುಗಿಸುವುದನ್ನು ಇವರು ಉದ್ದಕ್ಕೆ ಎಳೆದಿದ್ದಾರೆ. ನಮ್ಮ ಇನಿಶಿಯಲ್ ಮಗ ಹುಟ್ಟಿದಾಗ ಬದಲಾಗುತ್ತದೆ. ಇವರದು ಯಾವುದೋ ಶತಮಾನದಲ್ಲಿ ಒಬ್ಬ ಫರ್ನಾಂಡೊನ ಹತ್ತಿರ ಬಂದು ಗಡಿಯಾರ ಕೆಟ್ಟ ಹಾಗೆ ನಿಂತುಬಿಟ್ಟಿದೆ. ಆಮೇಲೆ ಹುಟ್ಟಿದವರೆಲ್ಲ ಅವನ ಮಕ್ಕಳೇ.

“ಆದರೂ ನೀನು ಒಮ್ಮೆ ಜೊತೆಗೆ ಬಾ,” ಅಂದೆ. “ಒಂದೇ ಹೆಸರಿನವರು ಅಂದರೆ ಮನುಷ್ಯ ಸ್ವಲ್ಪ ಮೆತ್ತಗಾಗುತ್ತಾನೆ.”

“ಬರ್ತೇನೆ. ಈ ವರ್ಷ ಪೂರ್ತಿ ಕುಚ್ಚಲಕ್ಕಿ ನೀವು ತಂದ ರೇಟಿಗೇ ಕೊಡಬೇಕು.”

ನರ್ಸ್ ಆಗಬೇಕಾದವಳಲ್ಲ, ದಲಾಲಿ ಮಂಡಿ ಇಡಬೇಕಿತ್ತು. ಒಪ್ಪಿದೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು, “ಒಂದು ಮಾತು ಅಣ್ಣ. ನಿಮ್ಮ ಊರಲ್ಲಿ ಪಾಟೀಲರೆಲ್ಲ ಅಣ್ಣತಮ್ಮಂದಿರಾ?”

“ಎಲೆಕ್ಷನ್ ಬಂದಾಗ ಹೌದು,” ಅಂದೆ.

೩. ಎದ್ದು ನಿಂತ ತರಗತಿ

ಭಾನುವಾರ ಇಬ್ಬರೂ ಹೋದೆವು. ಈ ಸಲ ಮುದುಕರು ಶರ್ಟು ಹಾಕಿದ್ದರು. ಮೇಜಿನ ಮೇಲೆ ನನ್ನ ಉಪ್ಪಿನಕಾಯಿ ಬಾಟಲಿ, ಅರ್ಧ ಖಾಲಿ. ಕಿಟಕಿಯ ಹತ್ತಿರ ಅವರ ಹೆಂಡತಿ ಬಟ್ಟೆಗೆ ಗುಂಡಿ ಹೊಲಿಯುತ್ತ ಕೂತಿದ್ದರು. ನರ್ಸ್ ತನ್ನ ಹೆಸರು ಫರ್ನಾಂಡಿಸ್ ಅಂದಾಗ ಆ ಹೆಂಗಸು ಸೂಜಿ ನಿಲ್ಲಿಸಿ, “ಇನ್ನೊಬ್ಬಳೇ,” ಅಂದರು. ಖುಷಿಗೆ ಅಂದರು ಎಂದು ನಾನು ತಿಳಿದೆ.

“ಫರ್ನಾಂಡಿಸ್, ಸರಿ. ಮುಂದೆ?” ಅಂತ ಮುದುಕರು ಕೇಳಿದರು.

“ಮುಂದೆ ಏನೂ ಇಲ್ಲ,” ಅಂದಳು ಇವಳು.

“ನಿನಗೆ ಅಮ್ಮ ಇಲ್ಲವೇ?”

ಆಮೇಲೆ ಬಿಡಿಸಿ ಹೇಳಿದರು. ಸ್ಪೇನಿನಲ್ಲಿ ಒಬ್ಬೊಬ್ಬರಿಗೆ ಎರಡು ಅಡ್ಡಹೆಸರು. ಮೊದಲು ಅಪ್ಪನ ಮನೆಯದು, ಆಮೇಲೆ ಅಮ್ಮನ ಮನೆಯದು. ಮದುವೆಯಾದ ಹೆಣ್ಣು ತನ್ನ ಎರಡನ್ನೂ ಇಟ್ಟುಕೊಳ್ಳುತ್ತಾಳೆ, ಗಂಡನದನ್ನು ಮುಟ್ಟುವುದಿಲ್ಲ.

“ಮುಟ್ಟುವಂಥದ್ದು ಏನಿದೆ ಅದರಲ್ಲಿ,” ಅಂತ ಕಿಟಕಿಯ ಕಡೆಯಿಂದ ಬಂತು.

ಮುದುಕರು ಕೇಳಿಸಿಕೊಳ್ಳಲಿಲ್ಲ. “ನನ್ನದು ಅಸ್ತೂರಿಯಾಸ್, ಸ್ಪೇನಿನ ಉತ್ತರಕ್ಕೆ. ಅಲ್ಲಿ ನಮ್ಮ ಹೆಸರಿನವರೇ ಹೆಚ್ಚು. ಶಾಲೆಯಲ್ಲಿ ಮೇಷ್ಟ್ರು ‘ಫರ್ನಾಂಡಿಸ್, ಎದ್ದು ನಿಲ್ಲು’ ಅಂದರೆ ಅರ್ಧ ತರಗತಿ ಎದ್ದು ನಿಲ್ಲುತ್ತಿತ್ತು.”

“ಅಮ್ಮನ ಹೆಸರನ್ನೂ ಸೇರಿಸಿ ಕೂಗಿದರೆ?”

“ಆಗ ಕೆಲವರು ಕೂತುಕೊಳ್ಳುತ್ತಿದ್ದರು.”

ಸ್ಪೇನಿನವರು ಹಡಗು ಹತ್ತಿ ಹೋದಲ್ಲೆಲ್ಲ ಈ ಹೆಸರನ್ನು ಇಳಿಸಿ ಬಂದಿದ್ದಾರಂತೆ: ಮೆಕ್ಸಿಕೊ, ಅರ್ಜೆಂಟೀನಾ, ಪೆರು, ಫಿಲಿಪ್ಪೀನ್ಸ್. ಈ ಮುದುಕರು ಹರೆಯದಲ್ಲಿ ಕೂಲಿಗೆಂದು ರೈಲು ಹತ್ತಿ ಇಲ್ಲಿಗೆ ತಂದರು. ಬೆಲ್ಲಿನ ಪಕ್ಕದ ಚೀಟಿ ಚಿಕ್ಕದು, ಅಮ್ಮನ ಹೆಸರಿಗೆ ಜಾಗ ಸಾಲಲಿಲ್ಲ.

ಬಾಡಿಗೆಯ ಮಾತು ತೆಗೆದೆ. “ನೋಡೋಣ,” ಅಂದು ಹೆಂಡತಿಯ ಮುಖ ನೋಡಿದರು. ಕಾಫಿ ಕೇಳುತ್ತಿದ್ದಾರೆ ಅಂದುಕೊಂಡೆ.

ಮನೆಗೆ ಬಂದು ಎಲ್ಲ ಹೇಳಿದೆ. ಹೆಂಡತಿ ಕೇಳಿದಳು, “ಅಲ್ರೀ, ಇಬ್ಬರಿಗೂ ಹೆಸರು ಬ್ಯಾರೆ ಬ್ಯಾರೆ ಅಂದ್ರ ಅವರದು ಲಗ್ನ ಆಗಿಲ್ಲೇನು?”

“ಆಗೇದ. ಅವರಾಗ ಹೆಂಡತಿ ಹೆಸರು ಬದಲಿ ಮಾಡೂದಿಲ್ಲ.”

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. “ಮೂವತ್ತು ವರ್ಷ ಆತು. ಇದನ್ನ ಈಗ ಹೇಳ್ತೀರಿ?”

೪. ರಫ್ತಾದ ಮಾಲು

ಮಾತು ಮುಂದೆ ಹೋಗಲಿಲ್ಲ. ಹೋದಾಗಲೆಲ್ಲ ಕಾಫಿ ಸಿಗುತ್ತಿತ್ತು, ಅಂಗಡಿ ಸಿಗುತ್ತಿರಲಿಲ್ಲ. ಮುದುಕರನ್ನು ಖುಷಿಪಡಿಸುವ ದಾರಿ ಹುಡುಕುತ್ತಿದ್ದೆ. ನಮ್ಮ ಗಿರಾಕಿ ಒಬ್ಬ ಮೈಸೂರಿನ ಸಾಫ್ಟ್‌ವೇರ್ ಎಂಜಿನಿಯರ್ ಇದ್ದಾನೆ, ಬೇಳೆ ಆರಿಸುವಾಗಲೂ ಫೋನ್ ನೋಡುವವನು. ಅವನ ಹತ್ತಿರ ಈ ಹೆಸರಿನ ಮೂಲ ಕೇಳಿದೆ.

“ಅಂಕಲ್, ಫರ್ನಾಂಡೊ ಮೂಲದಲ್ಲಿ ಸ್ಪ್ಯಾನಿಷ್ ಹೆಸರೇ ಅಲ್ಲ,” ಅಂದ. “ಗಾಥ್ ಅಂತ ಜರ್ಮನ್ ಬುಡಕಟ್ಟಿನವರು ಹಿಂದೆ ಸ್ಪೇನ್‌ಗೆ ನುಗ್ಗಿ ರಾಜ್ಯ ಕಟ್ಟಿದ್ರಲ್ಲ, ಅವರು ತಗೊಂಡು ಹೋಗಿದ್ದು. ಅದರ ಅರ್ಥ ಧೈರ್ಯವಂತ ಪ್ರಯಾಣಿಕ ಅಂತ ಕೆಲವರು, ಶಾಂತಿ ಕಾಯೋ ವೀರ ಅಂತ ಕೆಲವರು. ಪಂಡಿತರಿಗೇ ಒಮ್ಮತ ಇಲ್ಲ.”

“ಬಾಡಿಗೆ ಇಳಿಸೋನು ಅಂತ ಯಾರೂ ಹೇಳಿಲ್ಲವೇನು?”

“ಇಲ್ಲ ಅಂಕಲ್.”

ಆದರೂ ವ್ಯಾಪಾರಿಯ ಕಣ್ಣಿಗೆ ವಿಷಯ ಚೊಕ್ಕವಾಗಿ ಕಂಡಿತು. ಇದು ಇಲ್ಲಿಂದ ರಫ್ತಾದ ಮಾಲು. ಸ್ಪೇನಿನಲ್ಲಿ ಹೊಸ ಪ್ಯಾಕಿಂಗ್ ಆಗಿ ಈ ಮುದುಕರ ರೂಪದಲ್ಲಿ ವಾಪಸು ಬಂದಿದೆ. ಪಕ್ಕದ ಪೋರ್ಚುಗಲ್ಲಿನ ಏಜೆನ್ಸಿ ಅದನ್ನೇ ಗೋವಾಕ್ಕೆ ಸಾಗಿಸಿತು; ಅದು ಮಂಗಳೂರಿನ ನರ್ಸಿನ ರೂಪದಲ್ಲಿ ವಾಪಸು ಬಂದಿದೆ. ಇಬ್ಬರನ್ನೂ ಇಲ್ಲಿಯವರು ಪರದೇಶಿ ಮಾಲು ಅಂತ ಕರೆಯುತ್ತಾರೆ.

ಓಡಿಹೋಗಿ ಮುದುಕರಿಗೆ ಹೇಳಿದೆ. “ನೀವು ಇಲ್ಲಿ ಹೊರಗಿನವರಲ್ಲ. ನಿಮ್ಮ ಹೆಸರೇ ಇವರದು. ಈ ಜರ್ಮನ್ನರಿಗಿಂತ ಹಳೆಯ ಜರ್ಮನ್ ನೀವು.”

ಕಣ್ಣಲ್ಲಿ ನೀರು ಬರಬಹುದು, ಬಾಡಿಗೆ ಇಳಿಯಬಹುದು ಅಂದುಕೊಂಡಿದ್ದೆ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

“ಇದನ್ನು ಬರವಣಿಗೆಯಲ್ಲಿ ತಂದುಕೊಡುತ್ತೀರಾ?” ಅಂದರು. “ವೀಸಾ ಆಫೀಸಿನಲ್ಲಿ ವರ್ಷಗಟ್ಟಲೆ ಕ್ಯೂ ನಿಂತಿದ್ದೇನೆ. ನಿಂತ ಹೊತ್ತಿಗೆ ಸಂಬಳ ಕೇಳಬೇಕು.”

೫. ಪೆರುವಿನ ಪೈಪೋಟಿ

ಅಷ್ಟರಲ್ಲಿ ಸುದ್ದಿ ಬಂತು: ಅಂಗಡಿಗೆ ಇನ್ನೊಬ್ಬ ಗಿರಾಕಿ ಇದ್ದಾನೆ. ಪೆರು ದೇಶದವನು, ಮಾಂಸ ತುಂಬಿದ ಕರಿಗಡುಬಿನಂಥ ತಿಂಡಿ ಮಾಡಿ ಮಾರುವವನು. ಮಾತು ಸ್ಪ್ಯಾನಿಷ್. ಅಡ್ಡಹೆಸರು ಫರ್ನಾಂಡಿಸ್.

ನಾನು ಬಾಡಿಗೆಗೆ ತಂದ ಫರ್ನಾಂಡಿಸಳನ್ನು ಇಟ್ಟುಕೊಂಡು ಸಂಬಂಧ ಬೆಳೆಸುತ್ತಿದ್ದರೆ ಇವನು ಸ್ವಂತ ಹೆಸರು ಹೊತ್ತು ಬಂದಿದ್ದಾನೆ. ಹುಬ್ಬಳ್ಳಿಯಲ್ಲಾಗಿದ್ದರೆ ಅಲ್ಲಿಗೇ ಮುಗಿಯಿತು. ನಮ್ಮವನು ಎದುರಿಗಿರುವಾಗ ಹೊರಗಿನವನಿಗೆ ಯಾರು ಅಂಗಡಿ ಕೊಡುತ್ತಾರೆ? ಮುದುಕರು ಇಬ್ಬರನ್ನೂ ಒಂದೇ ದಿನ ಕರೆದಿದ್ದರು. ನಾನು ಒಳಗೆ ಹೋದಾಗ ಪೆರುವಿನವನು ಆಗಲೇ ಕೂತಿದ್ದ. ಗಂಡಸರಿಬ್ಬರೂ ಬೆನ್ನು ತಟ್ಟಿಕೊಂಡು ಸ್ಪ್ಯಾನಿಷ್ ಹರಟುತ್ತಿದ್ದರು. ನಾನು ಚೀಲ ಬಗಲಲ್ಲಿಟ್ಟುಕೊಂಡು ನೆಂಟರ ಮನೆಗೆ ಸಾಲ ಕೇಳಲು ಬಂದವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತೆ.

ಕಿಟಕಿಯ ಹತ್ತಿರದ ಹೆಂಗಸು ಎದ್ದು ಬಂದು ಮೇಜಿನ ತಲೆಗೆ ಕೂತರು. ಜರ್ಮನ್‌ನಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ, “ಈ ಕಟ್ಟಡ ಯಾರದು ಅಂದುಕೊಂಡಿದ್ದೀರಿ?” ಅಂತ ಕೇಳಿದರು.

ನಾನು ಮುದುಕರ ಕಡೆ ನೋಡಿದೆ. ಮುದುಕರು ಚಾವಣಿಯ ಕಡೆ ನೋಡಿದರು.

“ಇವರು ಫ್ಯಾಕ್ಟರಿಯಲ್ಲಿ ದುಡಿದರು, ದುಡಿದದ್ದನ್ನು ಊರಿಗೆ ಕಳಿಸಿದರು. ನಾನು ಬಟ್ಟೆ ಹೊಲಿದೆ, ಹೊಲಿದ ದುಡ್ಡಲ್ಲಿ ಇದನ್ನು ಕೊಂಡೆ. ಕಟ್ಟಡ ನನ್ನದು.”

ಇಷ್ಟು ದಿನ ನಾನು ಕುಚ್ಚಲಕ್ಕಿ ಕೊಟ್ಟು ಚೌಕಾಸಿ ಮಾಡಿದ್ದು ಬಾಡಿಗೆ ಹೇಳುವ ಹಕ್ಕೇ ಇಲ್ಲದ ಮನುಷ್ಯನ ಹತ್ತಿರ.

ಆಕೆ ಪೆರುವಿನವನ ಕಡೆ ತಿರುಗಿದರು. “ನಿನಗೆ ಕೊಡುವುದಿಲ್ಲ ಮಗನೇ. ನೀನು ಒಳ್ಳೆಯವನೇ. ಆದರೆ ನನ್ನ ಕಟ್ಟಡದಲ್ಲಿ ಇನ್ನೊಬ್ಬ ಫರ್ನಾಂಡಿಸ್ ಬೇಡ. ಇಲ್ಲಿ ಇವರು. ಮೇಲೆ ನನ್ನ ಮಗ. ಅದರ ಮೇಲೆ ಹೊಂಡುರಾಸಿನಿಂದ ಬಂದ ಬಾಡಿಗೆಯವನು, ಅವನು ನಮಗೆ ಏನೂ ಆಗಬೇಕಾಗಿಲ್ಲ, ಆದರೂ ಫರ್ನಾಂಡಿಸ್. ಇವರ ಮೊಣಕಾಲಿನ ಎಕ್ಸ್‌ರೇ ಅವನ ಅಂಚೆ ಡಬ್ಬಿಗೆ ಹೋಗುತ್ತದೆ. ಅವನ ಗೆಳತಿಯ ಕಾಗದ ನಮ್ಮ ಡಬ್ಬಿಗೆ ಬರುತ್ತದೆ.”

“ಒಂದು ಸಲ ಬಂದಿತ್ತು,” ಅಂದರು ಮುದುಕರು.

“ಮೂರು ಸಲ ಓದಿದರು,” ಅಂದರು ಆಕೆ. ಆಮೇಲೆ ನನ್ನ ಕಡೆ ಬೆರಳು ಮಾಡಿದರು. “ನೀವು. ಬಾಡಿಗೆಯ ಮಾತು ತೆಗೆದ ದಿನವೇ ನಿಮಗೆ ಕೊಡೋಣ ಅಂತಿದ್ದೆ. ಆದರೆ ಜೊತೆಗೆ ಆ ಫರ್ನಾಂಡಿಸ್ ಹುಡುಗಿಯನ್ನು ಕರೆತಂದಿದ್ದಿರಿ. ಅವಳು ನಿಮ್ಮ ಪಾಲುದಾರಳೇ?”

“ಅಲ್ಲವೇ ಅಲ್ಲ. ನಮ್ಮ ಗಿರಾಕಿ, ಅಷ್ಟೇ,” ಅಂದೆ. ಕುಚ್ಚಲಕ್ಕಿಯ ಕರಾರನ್ನು ಅಲ್ಲಿ ಎತ್ತಲಿಲ್ಲ.

“ಸರಿ. ನಿಮ್ಮ ಅಡ್ಡಹೆಸರು ಏನು?”

“ಉಳ್ಳಾಗಡ್ಡಿ.”

“ಹಾಗಂದರೆ?”

“ಈರುಳ್ಳಿ. ನಮ್ಮ ಕಡೆ ಯಾವುದನ್ನು ಮಾರಿದೆವೋ ಅದೇ ಹೆಸರು. ನಮ್ಮ ಓಣಿಯಲ್ಲಿ ಬೆಲ್ಲದ, ಎಣ್ಣಿ, ಮೆಣಸಿನಕಾಯಿ, ಎಲ್ಲ ಮನೆತನದವರೂ ಇದ್ದರು.”

ಮುದುಕರು ನಕ್ಕರು. ಆಕೆ ನಗಲಿಲ್ಲ. “ಈ ಊರಲ್ಲಿ ಇನ್ನೊಬ್ಬ ಈರುಳ್ಳಿ ಇದ್ದಾನೆಯೇ?”

“ನನಗೆ ತಿಳಿದ ಮಟ್ಟಿಗೆ ಇಡೀ ಜರ್ಮನಿಯಲ್ಲಿ ನಮ್ಮ ಮನೆಯೊಂದೇ.”

“ನಿಮ್ಮ ಹಿಂದೆ ಯಾರಾದರೂ ಬರುವವರಿದ್ದಾರೆಯೇ?”

“ಅಣ್ಣತಮ್ಮಂದಿರಿಗೆ ಪಾಸ್‌ಪೋರ್ಟೇ ಇಲ್ಲ.”

ಆಕೆ ಕನ್ನಡಕ ಹಾಕಿಕೊಂಡರು. “ಎಲ್ಲಿ ಸಹಿ ಹಾಕಬೇಕು?”

ಮೆಟ್ಟಿಲಿಳಿಯುವಾಗ ಪೆರುವಿನವನು ಮುಖ ಸಣ್ಣದು ಮಾಡಿಕೊಂಡು ಮುಂದೆ ಹೋಗುತ್ತಿದ್ದ. ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಯನ್ನು ಬರಿಗೈಯಲ್ಲಿ ಕಳಿಸಬಾರದು. ಅವನ ಭುಜ ಹಿಡಿದು ನಿಲ್ಲಿಸಿ, ಟ್ರಾಮಿನ ಕಡೆಯ ಕಿಟಕಿಯ ಕೆಳಗೆ ಒಂದು ಕೌಂಟರ್ ಕೊಡುತ್ತೇನೆ, ಕಡುಬು ಅಲ್ಲಿ ಮಾರು, ಬಾಡಿಗೆ ನನ್ನ ಕೈಗೆ ಕೊಡು ಅಂದೆ. ಮತ್ತೆ ಮೇಲೆ ಹೋಗಿ ಯಜಮಾನತಿಯ ಒಪ್ಪಿಗೆ ಕೇಳಿದೆ. “ಎಷ್ಟು ಬೇಕಾದರೂ ಮಾರಲಿ,” ಅಂದರು, “ಬೆಲ್ಲಿನ ಮೇಲೆ ಅವನ ಹೆಸರು ಬರಬಾರದು, ಅವನ ಕಾಗದ ನನ್ನ ಬಾಗಿಲಿಗೆ ಬರಬಾರದು.”

ಕೊನೆಯ ಲೆಕ್ಕ ಇಷ್ಟು. ಫರ್ನಾಂಡಿಸ್ ಎಂಬ ಹೆಸರನ್ನು ಬೆನ್ನಟ್ಟಿ ಗಳಿಸಿದ್ದು: ಸೊನ್ನೆ. ಫರ್ನಾಂಡಿಸ್ ಅಲ್ಲದೆ ಹುಟ್ಟಿದ್ದಕ್ಕೆ ಗಳಿಸಿದ್ದು: ಮೂಲೆ ಅಂಗಡಿ, ಹತ್ತು ವರ್ಷ. ಪೆರುವಿನವನು ಫರ್ನಾಂಡಿಸ್ ಆಗಿ ಹುಟ್ಟಿದ್ದಕ್ಕೆ ಪ್ರತಿ ತಿಂಗಳು ನನಗೆ ಬರುತ್ತಿರುವುದು: ಆ ಅಂಗಡಿಯ ಬಾಡಿಗೆಯಲ್ಲಿ ಮೂರನೇ ಒಂದು ಪಾಲು.